ಗಂಟು ಹಾಕಲು ಕಲಿಸಿದ ಗೆಳೆಯ
(ಚಾರ್ಲ್ಸ್ ಡಿಕನ್ಸನ ಜೀವನದ ಒಂದು ಅಧ್ಯಾಯ)

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹಾಪುರುಷರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ನಾನು ಶರಣರೊಬ್ಬರ ಅಥವಾ ಸ್ವಾತಂತ್ರ್ಯ ಯೋಧರೊಬ್ಬರ ಚರಿತ್ರೆಯನ್ನು ಆರಿಸಿಕೊಳ್ಳುವೆನೆಂದು ಅವರು ಭಾವಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಬಲ್ಲವರು ಮಾಡಿದ್ದಾರೆ, ಮಾಡುತ್ತಲೂ ಇದ್ದಾರೆ. ಇದೇ ಶಾಲೆಯ ಮೊದಮೊದಲಿನ ತಂಡಗಳಲ್ಲಿ ಕಲಿತು, ಮುಂದೆ ಇದೇ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ, ವರ್ಷ ವರ್ಷವೂ ಜೊತೆಗಿದ್ದ ಲೇಖಕನೆಂದರೆ ಚಾರ್ಲ್ಸ್ ಡಿಕನ್ಸನೇ. ಆತನ ಕಾದಂಬರಿಗಳ ಸಂಕ್ಷಿಪ್ತ ಪುಸ್ತಕಗಳು ನಮ್ಮ ಶಾಲೆಯ ಕಪಾಟಿನಲ್ಲಿದ್ದುದನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಆದರೆ ಆತನ ಜೀವನದ ಒಂದು ಸಂಗತಿಯನ್ನು ನಾನು ತರಗತಿಯಲ್ಲಿ ಎಂದೂ ಪೂರ್ತಿಯಾಗಿ ಹೇಳಲಿಲ್ಲ. ಅದಕ್ಕೆ ಕಾರಣವಿತ್ತು. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಡಿಕನ್ಸ್ ಹುಟ್ಟಿದ್ದು 1812ರ ಫೆಬ್ರವರಿ 7ರಂದು, ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಊರಿನಲ್ಲಿ. ತಂದೆ ಜಾನ್ ಡಿಕನ್ಸ್ ನೌಕಾದಳದ ಸಂಬಳ ಬಟವಡೆಯ ಕಚೇರಿಯಲ್ಲಿ ಕಾರಕೂನ. ಸಂಬಳವೇನೋ ಕಡಿಮೆಯಿರಲಿಲ್ಲ, ಖರ್ಚಿನ ಕೈ ಅದಕ್ಕಿಂತ ದೊಡ್ಡದಾಗಿತ್ತು. ಮಾತುಗಾರ, ಉದಾರಿ, ನಾಲ್ಕು ಜನ ಮನೆಗೆ ಬಂದರೆ ಸಂಭ್ರಮಿಸುವವ. ಸಾಲ ಮಾಡಿಯಾದರೂ ಸಭ್ಯ ಗೃಹಸ್ಥನಂತೆ ಬಾಳಬೇಕೆನ್ನುವ ಇಂಥವರು ನಮ್ಮ ಓಣಿಗಳಲ್ಲಿಯೂ ಅಪರೂಪವಲ್ಲ. ಚಾಟಂ ಎಂಬ ಬಂದರಿನ ಊರಿನಲ್ಲಿ ಬಾಲಕನ ಐದು ವರ್ಷಗಳು ಸುಖವಾಗಿ ಕಳೆದವು. ಅಲ್ಲಿ ಅವನಿಗೊಂದು ಶಾಲೆಯಿತ್ತು, ಒಳ್ಳೆಯ ಮಾಸ್ತರರಿದ್ದರು, ಮನೆಯಲ್ಲಿ ಓದಲು ತಂದೆಯ ಕಥೆ ಪುಸ್ತಕಗಳಿದ್ದವು. ತಾನು ಕಲಿತು ದೊಡ್ಡವನಾಗುವೆನೆಂಬುದರಲ್ಲಿ ಆ ಹುಡುಗನಿಗೆ ಸಂಶಯವೇ ಇರಲಿಲ್ಲ.

1822ರಲ್ಲಿ ಕುಟುಂಬ ಲಂಡನ್ನಿಗೆ ಬಂದಿತು. ಸಾಲ ಬೆಳೆಯುತ್ತಿತ್ತು. ಚಾರ್ಲ್ಸನನ್ನು ಯಾವ ಶಾಲೆಗೂ ಸೇರಿಸಲಿಲ್ಲ. ಅಕ್ಕ ಫ್ಯಾನಿ ಸಂಗೀತ ವಿದ್ಯಾಲಯಕ್ಕೆ ಸೇರಿದಳು. ತಮ್ಮ ಮನೆಯಲ್ಲಿ ತಂದೆಯ ಬೂಟು ಒರೆಸಿಕೊಡುತ್ತ, ಮನೆಯ ವಸ್ತುಗಳನ್ನು ಒಂದೊಂದಾಗಿ ಗಿರವಿ ಅಂಗಡಿಗೆ ಒಯ್ಯುತ್ತ ದಿನ ಕಳೆದ. ಮೊದಲು ಹೋದ ವಸ್ತುಗಳಲ್ಲಿ ಆ ಕಥೆ ಪುಸ್ತಕಗಳೂ ಇದ್ದವು. ತಾಯಿ ಎಲಿಜಬೆತ್ ಒಂದು ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿದು ಶಾಲೆ ನಡೆಸುವುದಾಗಿ ಹಿತ್ತಾಳೆಯ ಫಲಕ ಹಾಕಿಸಿದಳು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ.

ಆಗ ಜೇಮ್ಸ್ ಲ್ಯಾಮರ್ಟ್ ಎಂಬ ನೆಂಟನೊಬ್ಬ ಒಂದು ದಾರಿ ತೋರಿಸಿದ. ಬೂಟಿಗೆ ಹಚ್ಚುವ ಕರಿಬಣ್ಣವನ್ನು ತಯಾರಿಸುವ ವಾರೆನ್ಸ್ ಎಂಬ ಕಾರಖಾನೆಯ ವ್ಯವಹಾರ ಅವನ ಕೈಯಲ್ಲಿತ್ತು. ಹುಡುಗ ಅಲ್ಲಿ ಕೆಲಸಕ್ಕೆ ಬರಲಿ, ವಾರಕ್ಕೆ ಆರೇಳು ಶಿಲಿಂಗು ಕೊಡೋಣವೆಂದ. ತಂದೆತಾಯಿಗಳು ಕೂಡಲೇ ಒಪ್ಪಿದರು. ಹನ್ನೆರಡು ವರ್ಷ ತುಂಬಿ ಎರಡು ದಿನವೂ ಸರಿಯಾಗಿ ಕಳೆದಿರಲಿಲ್ಲವೆನ್ನುವಾಗ, 1824ರ ಫೆಬ್ರವರಿಯ ಒಂದು ಸೋಮವಾರ, ಆ ಬಾಲಕ ಕೆಲಸಕ್ಕೆ ಹೋದ. ಅವರು ಅಷ್ಟು ಸುಲಭವಾಗಿ ಒಪ್ಪಿದುದೇ ಅವನನ್ನು ಜೀವಮಾನವಿಡೀ ನೋಯಿಸಿತು. ಕೆಲಸದ ಕಷ್ಟವನ್ನು ಅವನು ಕ್ಷಮಿಸಿಯಾನು. ತನ್ನನ್ನು ಶಾಲೆಯಿಂದ ದೂರವಿಟ್ಟುದರ ಬಗ್ಗೆ ಮನೆಯಲ್ಲಿ ಯಾರೂ ಒಂದು ಗಳಿಗೆಯೂ ಮರುಗಲಿಲ್ಲವೆಂಬುದನ್ನು ಕ್ಷಮಿಸಲಿಲ್ಲ.

ಕಾರಖಾನೆಯಿದ್ದದ್ದು ಥೇಮ್ಸ್ ನದಿಯ ದಂಡೆಯಲ್ಲಿ, ಹಂಗರ್‌ಫರ್ಡ್ ಸ್ಟೇರ್ಸ್ ಎಂಬ ಘಾಟಿನ ಪಕ್ಕದಲ್ಲಿ. ಬೀಳುವಂತಿದ್ದ ಹಳೆಯ ಕಟ್ಟಡ, ಕೊಳೆತ ಮೆಟ್ಟಿಲು, ನೆಲಮಾಳಿಗೆಯಲ್ಲಿ ಕಿಚಗುಟ್ಟುವ ಹೆಗ್ಗಣಗಳು. ಕೆಲಸವೆಂದರೆ ಕರಿಬಣ್ಣದ ಭರಣಿಗಳ ಬಾಯಿಗೆ ಮೊದಲು ಎಣ್ಣೆಕಾಗದ, ಅದರ ಮೇಲೆ ನೀಲಿ ಕಾಗದ ಮುಚ್ಚಿ, ಹುರಿಯಿಂದ ಬಿಗಿದು, ಅಂಚನ್ನು ಸುತ್ತಲೂ ಸಮನಾಗಿ ಕತ್ತರಿಸಿ, ಕೊನೆಗೆ ಹೆಸರಿನ ಚೀಟಿ ಅಂಟಿಸುವುದು. ನೋಡುವವರಿಗೆ ಸುಲಭ. ಕೈಗೆ ಬರುವವರೆಗೆ ಹುರಿ ಜಾರುತ್ತದೆ, ಕಾಗದ ಹರಿಯುತ್ತದೆ.

ಆ ಮೊದಲ ಸೋಮವಾರ ಬೆಳಿಗ್ಗೆ ಕೆಳಗಿನಿಂದ ಒಬ್ಬ ಹುಡುಗ ಮೇಲೆ ಬಂದ. ಹರಿದ ಏಪ್ರನ್ನು, ತಲೆಯ ಮೇಲೆ ಕಾಗದದ ಟೊಪ್ಪಿಗೆ. ವಯಸ್ಸಿನಲ್ಲಿಯೂ ಮೈಕಟ್ಟಿನಲ್ಲಿಯೂ ಡಿಕನ್ಸನಿಗಿಂತ ದೊಡ್ಡವನು. ತಂದೆತಾಯಿಗಳಿಲ್ಲದ ಅವನು ಅಂಬಿಗನಾಗಿದ್ದ ಭಾವನ ಮನೆಯಲ್ಲಿ ಇರುತ್ತಿದ್ದ. ಹುರಿಯನ್ನು ಹೇಗೆ ಹಿಡಿಯಬೇಕು, ಗಂಟನ್ನು ಹೇಗೆ ಹಾಕಬೇಕು ಎಂಬುದನ್ನು ಹೊಸಬನಿಗೆ ತೋರಿಸಿಕೊಟ್ಟ. ಅವನ ಹೆಸರು ಬಾಬ್ ಫಾಗಿನ್.

ಈ ಹೆಸರನ್ನು ಓದಿದೊಡನೆ ಆಲಿವರ್ ಟ್ವಿಸ್ಟನ ಕಥೆ ಬಲ್ಲವರು ಬೆಚ್ಚಿರಬಹುದು. ಸ್ವಲ್ಪ ತಾಳಬೇಕು.

ಕೆಲಸಕ್ಕೆ ಸೇರಿ ಎರಡು ವಾರವಾಗುವುದರೊಳಗೆ, ಫೆಬ್ರವರಿ 20ರಂದು, ರೊಟ್ಟಿ ಮಾರುವವನೊಬ್ಬನಿಗೆ ಕೊಡಬೇಕಾಗಿದ್ದ 40 ಪೌಂಡಿನ ಬಾಕಿಗಾಗಿ ತಂದೆಯನ್ನು ಬಂಧಿಸಿ ಮಾರ್ಷಲ್ಸೀ ಎಂಬ ಸಾಲಗಾರರ ಸೆರೆಮನೆಗೆ ಒಯ್ದರು. ಅಂದಿನ ಇಂಗ್ಲೆಂಡಿನಲ್ಲಿ ಸಾಲ ತೀರಿಸಲಾರದವನು ತೀರಿಸುವವರೆಗೆ ಸೆರೆಯಲ್ಲಿರಬೇಕಾಗಿತ್ತು. ಹೆಂಡತಿ ಮಕ್ಕಳು ಬೇಕಾದರೆ ಅವನೊಡನೆ ಅಲ್ಲಿಯೇ ವಾಸಿಸಬಹುದಾಗಿತ್ತು. ಮನೆ ಮುರಿದು ತಾಯಿಯೂ ಚಿಕ್ಕ ಮಕ್ಕಳೂ ಸೆರೆಮನೆಗೆ ಹೋದರು. ಚಾರ್ಲ್ಸ್ ಮಾತ್ರ ಹೊರಗೆ, ಪರರ ಮನೆಯ ಬಾಡಿಗೆ ಕೋಣೆಯಲ್ಲಿ. ಶನಿವಾರ ಸಿಕ್ಕ ಕೂಲಿಯನ್ನು ಒಂದೊಂದು ದಿನಕ್ಕೆಂದು ಪುಡಿಕೆ ಕಟ್ಟಿ, ದಿನದ ಹೆಸರು ಬರೆದು ಇಟ್ಟುಕೊಳ್ಳುತ್ತಿದ್ದ. ಆದರೂ ಮಿಠಾಯಿ ಅಂಗಡಿಯ ಬಾಗಿಲಲ್ಲಿ ಅರ್ಧ ಬೆಲೆಗಿಟ್ಟ ಹಳಸಲು ತಿನಿಸನ್ನು ಕಂಡಾಗ, ಮಧ್ಯಾಹ್ನದ ಊಟಕ್ಕೆ ಇಟ್ಟ ಕಾಸು ಬೆಳಿಗ್ಗೆಯೇ ಖರ್ಚಾಗಿಬಿಡುತ್ತಿತ್ತು. ಹನ್ನೆರಡರ ಹುಡುಗ ತಾನೆ.

ಕಾರಖಾನೆಯಲ್ಲಿ ಮೊದಮೊದಲು ಅವನಿಗೆ ಕಚೇರಿಯ ಮೂಲೆಯಲ್ಲಿ ಪ್ರತ್ಯೇಕ ಜಾಗ ಕೊಟ್ಟಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಏನಾದರೂ ಕಲಿಸುವುದಾಗಿ ನೆಂಟ ಹೇಳಿದ್ದ. ಪಾಠವೂ ನಿಂತಿತು, ಪ್ರತ್ಯೇಕ ಜಾಗವೂ ಹೋಯಿತು. ಸ್ವಲ್ಪ ದಿನಗಳಲ್ಲಿಯೇ ಅವನು ಕೆಳಗಡೆ ಬಾಬ್ ಮತ್ತು ಪಾಲ್ ಗ್ರೀನ್ ಎಂಬ ಇನ್ನೊಬ್ಬ ಹುಡುಗನ ಪಕ್ಕದಲ್ಲಿ ಕುಳಿತು ಅದೇ ಏಪ್ರನ್ನು, ಅದೇ ಅಂಟು, ಅದೇ ಕತ್ತರಿಯಿಂದ ಕೆಲಸ ಮಾಡತೊಡಗಿದ. ಕೆಲಸ ಸರಿಯಾಗಿ ಬಾರದಿದ್ದರೆ ತಿರಸ್ಕಾರಕ್ಕೆ ಗುರಿಯಾದೇನೆಂದು ಹಟ ಹಿಡಿದು ಕಲಿತ. ಆದರೂ ಅವನ ನಡೆನುಡಿ ಬೇರೆಯೇ ಇತ್ತು. ಅಲ್ಲಿನವರು ಅವನನ್ನು ಚಿಕ್ಕ ಸಾಹೇಬನೆಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದರು. ಕೈಗಳು ಭರಣಿ ಕಟ್ಟುತ್ತಿರುವಾಗ ಅವನು ಹಿಂದೆ ಓದಿದ್ದ ಕಥೆಗಳನ್ನು ನೆನಪಿನಿಂದ ಅವರಿಗೆ ಹೇಳುತ್ತಿದ್ದ. ಈ ಚಿಕ್ಕ ಸಾಹೇಬಿಕೆಯನ್ನು ಪಾಲ್ ಗ್ರೀನ್ ಒಮ್ಮೆ ವಿರೋಧಿಸಿದನಂತೆ. ಅವನ ಬಾಯಿ ಮುಚ್ಚಿಸಿದವನು ಬಾಬ್.

ಮುಂದೆ ಜಗತ್ತೆಲ್ಲ ಕಿವಿಗೊಟ್ಟ ಕಥೆಗಾರನಿಗೆ ಆ ಕಾರಖಾನೆಯಲ್ಲಿ ದೊರೆತ ಶ್ರೋತೃಗಳು ಇವರೇ ಎಂಬುದನ್ನು ನೆನೆದಾಗ ನನಗೆ ಅಚ್ಚರಿಯಾಗುತ್ತದೆ. ಬಾಬ್‌ಗೆ ಈ ಹುಡುಗನಿಂದ ಸಿಗಬೇಕಾದ ಲಾಭವೇನೂ ಇರಲಿಲ್ಲ. ಇವನು ತನ್ನವನಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಇವನ ಪಕ್ಷ ವಹಿಸಿದ.

ಡಿಕನ್ಸನಿಗೆ ಚಿಕ್ಕಂದಿನಿಂದ ಪಕ್ಕೆಯಲ್ಲಿ ಒಂದು ನೋವು ಬರುತ್ತಿತ್ತು. ಒಂದು ದಿನ ಕೆಲಸದಲ್ಲಿರುವಾಗ ಅದು ತೀವ್ರವಾಗಿ ಬಂದಿತು. ಕಚೇರಿಯಲ್ಲಿ ಅವನ ಹಳೆಯ ಮೂಲೆಯಲ್ಲಿಯೇ ಹುಲ್ಲು ಹಾಸಿ ಮಲಗಿಸಿದರು. ಅವನು ನೆಲದ ಮೇಲೆ ಹೊರಳಾಡುತ್ತಿದ್ದ. ಬಾಬ್ ಕರಿಬಣ್ಣದ ಖಾಲಿ ಬಾಟಲಿಗಳಲ್ಲಿ ಬಿಸಿನೀರು ತುಂಬಿ ತಂದು ಅವನ ಪಕ್ಕೆಗೆ ಒತ್ತಿದ. ಒಂದು ಆರುತ್ತಿದ್ದಂತೆ ಇನ್ನೊಂದು. ಹೀಗೆ ಅರ್ಧ ದಿನ. ಸಂಜೆಯಾಗುವ ವೇಳೆಗೆ ನೋವು ಇಳಿಯಿತು. ಇಂಥ ಸ್ಥಿತಿಯಲ್ಲಿ ಇವನನ್ನು ಒಬ್ಬನನ್ನೇ ಕಳಿಸುವುದು ಬಾಬ್‌ಗೆ ಸರಿದೋರಲಿಲ್ಲ. ಮನೆಯವರೆಗೆ ತಾನೂ ಬರುವೆನೆಂದ.

ಮನೆಯೆಂದರೆ ಎಲ್ಲಿ? ಸೆರೆಮನೆಯ ವಿಷಯವನ್ನು ಡಿಕನ್ಸ್ ಯಾರಿಗೂ ತಿಳಿಸಿರಲಿಲ್ಲ. ದಾರಿಯುದ್ದಕ್ಕೂ ಇವನನ್ನು ಹಿಂದಿರುಗಿಸಲು ಏನೇನೋ ನೆಪ ಹೇಳಿದ. ಒಳ್ಳೆಯತನದಲ್ಲಿ ಕಿವುಡನಾಗಿದ್ದ ಬಾಬ್ ಬಿಡಲಿಲ್ಲ. ಕೊನೆಗೆ ಸೌತ್‌ವರ್ಕ್ ಸೇತುವೆಯ ಸಮೀಪ ಒಂದು ಅಪರಿಚಿತ ಮನೆಯ ಮೆಟ್ಟಿಲ ಬಳಿ ನಿಂತು, ಇದೇ ತನ್ನ ಮನೆಯೆಂಬಂತೆ ಬಾಬ್‌ನ ಕೈ ಕುಲುಕಿ ಬೀಳ್ಕೊಂಡ. ಬಾಬ್ ತಿರುಗಿ ನೋಡಿಯಾನೆಂದು ಬಾಗಿಲನ್ನೂ ತಟ್ಟಿದ. ಒಬ್ಬ ಹೆಂಗಸು ಬಾಗಿಲು ತೆರೆದಳು. ಏನಾದರೂ ಕೇಳಲೇಬೇಕಾಯಿತು. ರಾಬರ್ಟ್ ಫಾಗಿನ್ ಅವರ ಮನೆ ಇದೇ ಏನೆಂದು ಕೇಳಿದ.

ಇದನ್ನು ನಾನು ಮೊದಲು ಓದಿದ್ದು ನೌಕರಿಗೆ ಸೇರಿದ ಹೊಸತರಲ್ಲಿ. ಓದಿದವನು ಪುಸ್ತಕವನ್ನು ಮುಚ್ಚಿಟ್ಟೆ. ನಮ್ಮ ತರಗತಿಯಲ್ಲಿ ನನ್ನ ಬೆಂಚಿನಲ್ಲಿಯೇ ಕುಳಿತುಕೊಳ್ಳುವ ಒಬ್ಬ ಹುಡುಗನಿದ್ದ. ನನ್ನ ತಂದೆ ಕಚೇರಿಯ ನೌಕರರು. ಅವನ ತಂದೆ ಮಗ್ಗದ ಕೂಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮಗ್ಗದ ಶೆಡ್ಡಿನಲ್ಲಿ ತೆಲುಗು ಎಂಬಂತೆ ಸೊಲ್ಲಾಪುರದ ಮಕ್ಕಳು ಬೆಳೆಯುವ ರೀತಿಯಲ್ಲಿಯೇ ಬೆಳೆದವನು. ನನಗೆ ಅಂಕಗಣಿತ ಹತ್ತುತ್ತಿರಲಿಲ್ಲ. ಅವನು ಬೆರಳು ಮಡಚದೆ ಲೆಕ್ಕ ಮಾಡುತ್ತಿದ್ದ. ಬಡ್ಡಿಯ ಲೆಕ್ಕ ನನಗೆ ತಿಳಿದದ್ದು ಮಾಸ್ತರರಿಂದಲ್ಲ, ಅವನಿಂದ. ಎಂಟನೆಯ ಇಯತ್ತೆಯ ದೀಪಾವಳಿ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕಂಡಿಕೆ ಸುತ್ತಲು ಹೋಗುತ್ತಿದ್ದಾನೆಂದು ಯಾರೋ ಹೇಳಿದರು. ನಾಲ್ಕೈದು ವರ್ಷಗಳ ನಂತರ, ಕಾಲೇಜಿನ ಹೊಸ ಗೆಳೆಯರೊಡನೆ ನಾನು ಬಸ್ ನಿಲ್ದಾಣದ ಎದುರು ನಿಂತಿದ್ದಾಗ, ಅವನು ಸೈಕಲ್ಲಿನ ಹಿಂದೆ ನೂಲಿನ ಗಂಟು ಹೇರಿಕೊಂಡು ಬಂದ. ಮೈತುಂಬ ಹತ್ತಿಯ ಧೂಳು. ನಾನು ಎದುರಿನ ಅಂಗಡಿಯ ಫಲಕವನ್ನು ಓದತೊಡಗಿದೆ. ಅವನು ಒಮ್ಮೆ ಗಂಟೆ ಬಾರಿಸಿದ, ಮುಂದೆ ಹೋದ. ದಾರಿಗಾಗಿ ಬಾರಿಸಿದನೋ ನನಗಾಗಿಯೋ ಎಂದು ನಾನು ಕೇಳಬಹುದಾಗಿತ್ತು. ಕೇಳಲಿಲ್ಲ.

ಡಿಕನ್ಸನ ಚರಿತ್ರೆಗೆ ಮರಳುತ್ತೇನೆ. ಅಜ್ಜಿ ತೀರಿಕೊಂಡು ತಂದೆಗೆ ಹಣ ಬರುವಂತಾಯಿತು. ದಿವಾಳಿಯ ಕಾನೂನಿನ ಪ್ರಕಾರ ಅರ್ಜಿ ಹಾಕಿಕೊಂಡು 1824ರ ಮೇ 28ರಂದು ಆತ ಬಿಡುಗಡೆಯಾದ. ಹುಡುಗನಿಗೆ ಬಿಡುಗಡೆಯಾಗಲಿಲ್ಲ. ಕಾರಖಾನೆ ಚಾಂಡೋಸ್ ಬೀದಿಗೆ ಸ್ಥಳಾಂತರಗೊಂಡಿತು. ಅಲ್ಲಿ ಬೆಳಕಿಗಾಗಿ ಹುಡುಗರು ಕಿಟಕಿಯ ಬಳಿ ಕುಳಿತು ಕೆಲಸ ಮಾಡುತ್ತಿದ್ದರು. ಡಿಕನ್ಸನ ಕೈ ಆಗ ಬಾಬ್‌ನ ಕೈಯಷ್ಟೇ ಚುರುಕಾಗಿತ್ತು. ಇವರಿಬ್ಬರೂ ಭರಣಿ ಕಟ್ಟುವ ವೇಗವನ್ನು ನೋಡಲು ದಾರಿಹೋಕರು ಕಿಟಕಿಯ ಹೊರಗೆ ಗುಂಪುಗೂಡುತ್ತಿದ್ದರು. ಒಂದು ದಿನ ತಂದೆಯೂ ಬಂದ. ಆತ ಇದನ್ನು ಹೇಗೆ ಸಹಿಸಿಕೊಂಡನೋ ಎಂದು ಮಗ ಕೊನೆಯವರೆಗೆ ಅಚ್ಚರಿಪಟ್ಟ.

ಕೆಲವು ಕಾಲದ ಮೇಲೆ ತಂದೆಗೂ ಲ್ಯಾಮರ್ಟನಿಗೂ ಜಗಳವಾಗಿ ಕೆಲಸ ತಪ್ಪಿತು. ಹುಡುಗ ಅಳುತ್ತ ಮನೆಗೆ ಹೋದ; ಆ ಅಳುವಿನಲ್ಲಿಯೂ ಅವನಿಗೊಂದು ವಿಚಿತ್ರ ನೆಮ್ಮದಿಯಿತ್ತು. ಮರುದಿನ ತಾಯಿ ಹೋಗಿ ಜಗಳವನ್ನು ಸರಿಪಡಿಸಿ, ಮಗ ಪುನಃ ಬರಬಹುದೆಂಬ ಮಾತನ್ನು ತಂದಳು. ತಂದೆ ಒಪ್ಪಲಿಲ್ಲ, ಶಾಲೆಗೆ ಹೋಗಲಿ ಎಂದ. ತಾಯಿ ತನ್ನನ್ನು ಮರಳಿ ಕಳಿಸಲು ಸಿದ್ಧಳಿದ್ದಳೆಂಬುದನ್ನು ಡಿಕನ್ಸ್ ಮರೆಯಲೇ ಇಲ್ಲ. ಹೊಟ್ಟೆಪಾಡಿನ ಲೆಕ್ಕ ಹಾಕುವ ತಾಯಂದಿರನ್ನು ಬಹಳ ಕಂಡಿರುವ ನನಗೆ ಎಲಿಜಬೆತ್ ಅಷ್ಟು ಕಠಿಣಳಾಗಿ ತೋರುವುದಿಲ್ಲ. ಇದು ನನ್ನ ಮಾತು; ಆತನದಲ್ಲ.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಎರಡು ಮೂರು ವರ್ಷ ವೆಲಿಂಗ್ಟನ್ ಹೌಸ್ ಅಕಾಡೆಮಿಯಲ್ಲಿ ಓದು, 1827ರಲ್ಲಿ ವಕೀಲರ ಕಚೇರಿಯಲ್ಲಿ ಗುಮಾಸ್ತಗಿರಿ, ಶೀಘ್ರಲಿಪಿ ಕಲಿತು ಪಾರ್ಲಿಮೆಂಟಿನ ವರದಿಗಾರಿಕೆ. 1836ರಲ್ಲಿ ಪಿಕ್ವಿಕ್ ಕಾದಂಬರಿ ಮಾಸಿಕ ಕಂತುಗಳಲ್ಲಿ ಬರತೊಡಗಿ, ಇಪ್ಪತ್ತನಾಲ್ಕರ ತರುಣನನ್ನು ಮನೆಮಾತಾಗಿಸಿತು. ಅದು ಇನ್ನೂ ಮುಗಿಯದಿರುವಾಗಲೇ, 1837ರ ಫೆಬ್ರವರಿಯಲ್ಲಿ, ಆಲಿವರ್ ಟ್ವಿಸ್ಟ್ ಆರಂಭವಾಯಿತು. ಅನಾಥ ಬಾಲಕನೊಬ್ಬ ಲಂಡನ್ನಿಗೆ ಓಡಿಬಂದು, ಹುಡುಗರಿಗೆ ಕಿಸೆಗಳ್ಳತನ ಕಲಿಸುವ ಮುದುಕನೊಬ್ಬನ ಕೈಗೆ ಸಿಗುತ್ತಾನೆ. ಆ ಮುದುಕನಿಗೆ ಡಿಕನ್ಸ್ ಇಟ್ಟ ಹೆಸರು ಫಾಗಿನ್.

ಹದಿಮೂರು ವರ್ಷಗಳಲ್ಲಿ ಎರಡನೆಯ ಸಲ ಆ ಹೆಸರು ಅವನ ನಾಲಗೆಗೆ ಬಂದಿತ್ತು. ಮೊದಲ ಸಲ ಸುಳ್ಳು ಮನೆಯ ಬಾಗಿಲಲ್ಲಿ. ಈ ಸಲ ಜಗತ್ತಿನ ಮುಂದೆ. ತನ್ನ ಪಕ್ಕೆಗೆ ಬಿಸಿನೀರಿನ ಬಾಟಲಿ ಒತ್ತಿದ ಹುಡುಗನ ಹೆಸರನ್ನು ಅವನು ಕಳ್ಳರ ಗುರುವಿಗೆ ಏಕೆ ಕೊಟ್ಟ? ವಿದ್ವಾಂಸರು ಇದನ್ನು ಬಹಳ ಚರ್ಚಿಸಿದ್ದಾರೆ. ನನಗೆ ತೋರುವುದಿಷ್ಟು: ಬಾಬ್ ಕೆಟ್ಟವನಾಗಿದ್ದರೆ ಡಿಕನ್ಸನಿಗೆ ಭಯವಿರುತ್ತಿರಲಿಲ್ಲ. ಅವನು ಒಳ್ಳೆಯವನಾಗಿದ್ದ. ಅವನ ಗೆಳೆತನವನ್ನು ಮನಃಪೂರ್ವಕ ಒಪ್ಪಿದರೆ, ತಾನೂ ಆ ನೆಲಮಾಳಿಗೆಗೇ ಸೇರಿದವನೆಂದು ಒಪ್ಪಿದಂತಾಗುತ್ತಿತ್ತು. ಕಾದಂಬರಿಯ ಫಾಗಿನ್ನನೂ ಮೊದಲ ಭೇಟಿಯಲ್ಲಿ ಹಸಿದ ಆಲಿವರನಿಗೆ ಬಿಸಿ ಬಿಸಿ ಊಟ ಬಡಿಸುತ್ತಾನೆ, ಮಲಗಲು ಜಾಗ ಕೊಡುತ್ತಾನೆ, ಕೈಚಳಕ ಕಲಿಸುತ್ತಾನೆ. ಉಪಚಾರ ಬಾಬ್‌ನದು, ಭಯ ಡಿಕನ್ಸನದು.

ಇನ್ನೊಂದು ಅನ್ಯಾಯವೂ ಆ ಪಾತ್ರದಲ್ಲಿತ್ತು. ಅವನನ್ನು ಯಹೂದಿಯನ್ನಾಗಿ ಮಾಡಿ, ಪುಟ ಪುಟಕ್ಕೂ ಜಾತಿಯಿಂದಲೇ ಕರೆದಿದ್ದ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಈ ಬಗ್ಗೆ ಅವನಿಗೆ ಪತ್ರ ಬರೆದು ಆಕ್ಷೇಪಿಸಿದಳು. ಮೊದಲು ಸಮರ್ಥಿಸಿಕೊಂಡ ಡಿಕನ್ಸ್, ಮುಂದಿನ ಕಾದಂಬರಿಯಲ್ಲಿ ರಾಯಾ ಎಂಬ ಸಜ್ಜನ ಯಹೂದಿಯನ್ನು ಚಿತ್ರಿಸಿದ; 1867ರ ಆವೃತ್ತಿಯಲ್ಲಿ ಆಲಿವರ್ ಟ್ವಿಸ್ಟನ್ನೂ ತಿದ್ದಿ, ಆ ಜಾತಿಸೂಚಕ ಶಬ್ದವನ್ನು ಅನೇಕ ಕಡೆ ತೆಗೆದುಹಾಕಿದ. ತೆಗೆದ ಅನೇಕ ಕಡೆಗಳಲ್ಲಿ ಉಳಿದದ್ದು ಫಾಗಿನ್ ಎಂಬ ಹೆಸರು. ಒಂದು ಸಮುದಾಯದ ಋಣವನ್ನು ಸ್ವಲ್ಪ ತೀರಿಸಹೋಗಿ ಬಾಬ್‌ನ ಹೆಸರನ್ನು ಇನ್ನಷ್ಟು ಸಲ ಅಚ್ಚು ಮಾಡಿಸಿದಂತಾಯಿತು.

ಕಾರಖಾನೆಯ ವಿಷಯವನ್ನು ಡಿಕನ್ಸ್ ಬಚ್ಚಿಟ್ಟುಕೊಂಡೇ ಬಾಳಿದ. ತಂದೆತಾಯಿಗಳು ಕೂಡ ಅದರ ಬಗ್ಗೆ ಮತ್ತೆ ತುಟಿ ಬಿಚ್ಚಲಿಲ್ಲ. ಹಂಗರ್‌ಫರ್ಡ್ ಘಾಟಿನ ಹಳೆಯ ಕಟ್ಟಡಗಳು ಬೀಳುವವರೆಗೆ ಅವನು ಆ ಕಡೆ ಹೆಜ್ಜೆಯಿಡಲಿಲ್ಲ. ಹಿರಿಯ ಮಗ ಮಾತನಾಡುವಷ್ಟು ದೊಡ್ಡವನಾದ ಮೇಲೆಯೂ ಆ ಹಳೆಯ ದಾರಿ ಅವನ ಕಣ್ಣಲ್ಲಿ ನೀರು ತರಿಸುತ್ತಿತ್ತು. 1847ರಲ್ಲಿ, ಆಪ್ತಮಿತ್ರ ಜಾನ್ ಫಾರ್ಸ್ಟರ್ ಅಕಸ್ಮಾತ್ತಾಗಿ ಒಂದು ಪ್ರಶ್ನೆ ಕೇಳಿದಾಗ ಕೆಲ ಹೊತ್ತು ಸುಮ್ಮನಿದ್ದು, ಕೆಲವು ವಾರಗಳ ಮೇಲೆ ಎಲ್ಲವನ್ನೂ ಹೇಳಿದ. ಬರೆದೂ ಕೊಟ್ಟ. ಹುರಿ, ಗಂಟು, ಬಿಸಿನೀರಿನ ಬಾಟಲಿ, ಸುಳ್ಳು ಮನೆ, ಬಾಬ್‌ನ ಒಳ್ಳೆಯತನ ಎಲ್ಲ ಅದರಲ್ಲಿತ್ತು. ತಾನು ಅವನ ಹೆಸರನ್ನು ಬಳಸಿಕೊಂಡುದನ್ನೂ ಮುಚ್ಚಿಡಲಿಲ್ಲ.

ಆ ಬರಹದ ಬಹುಭಾಗವನ್ನು 1849-50ರಲ್ಲಿ ಬಂದ ಡೇವಿಡ್ ಕಾಪರ್‌ಫೀಲ್ಡ್ ಕಾದಂಬರಿಯಲ್ಲಿ ಸೇರಿಸಿಕೊಂಡ. ಅಲ್ಲಿ ಡೇವಿಡ್ಡನಿಗೆ ಹತ್ತು ವರ್ಷ, ಕಾರಖಾನೆ ಮದ್ಯದ ಬಾಟಲಿಗಳದು, ಜೊತೆಯ ಹುಡುಗರ ಹೆಸರುಗಳು ಬೇರೆ. ನಮ್ಮ ಶಾಲೆಯ ಎಷ್ಟೋ ಮಕ್ಕಳು ಆ ಭಾಗವನ್ನು ಓದಿ ಕಣ್ಣೊರೆಸಿಕೊಂಡಿದ್ದಾರೆ. ಆದರೆ ಪಕ್ಕೆಗೆ ಶಾಖ ಕೊಟ್ಟ ಗೆಳೆಯನೂ ಮೆಟ್ಟಿಲ ಬಳಿಯ ಆ ಬೀಳ್ಕೊಡುಗೆಯೂ ಕಾದಂಬರಿಯಲ್ಲಿ ಇಲ್ಲ. ತರಗತಿಯಲ್ಲಿ ನಾನೂ ಅದನ್ನು ಬಿಟ್ಟೇ ಪಾಠ ಮಾಡುತ್ತಿದ್ದೆ. ಅದನ್ನು ಹೇಳಲು ಹೊರಟರೆ ಸೈಕಲ್ಲಿನ ಗಂಟೆ ಕೇಳಿಸುತ್ತಿತ್ತು. ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ಯಾದಿ ಮಾಡುವಾಗ ಹತ್ತನೆಯ ಇಯತ್ತೆ ಮುಗಿಸಿದವರ ಹೆಸರುಗಳನ್ನು ಮಾತ್ರ ದಾಖಲೆಯಿಂದ ಇಳಿಸಿಕೊಂಡಿದ್ದಾರೆ. ನಡುವೆ ಬಿಟ್ಟವರ ಹೆಸರುಗಳನ್ನೂ ಸೇರಿಸಿರೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ. ಹಳೆಯ ಹಾಜರಿ ಪುಸ್ತಕಗಳಲ್ಲಿ ಅವು ಇವೆ.

ಡಿಕನ್ಸ್ 1856ರಲ್ಲಿ ಗ್ಯಾಡ್ಸ್‌ಹಿಲ್ ಎಂಬ ಮನೆಯನ್ನು ಕೊಂಡ. ಚಾಟಂನಲ್ಲಿದ್ದಾಗ ತಂದೆಯ ಕೈ ಹಿಡಿದು ನಡೆಯುತ್ತ ಕಣ್ತುಂಬ ನೋಡಿದ್ದ ಮನೆ ಅದು. 1870ರ ಜೂನ್ 9ರಂದು ಅಲ್ಲಿಯೇ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಿದೆ. ಮುಂದಿನ ವರ್ಷದ ಕೊನೆಯಲ್ಲಿ, 1871ರಲ್ಲಿ, ಫಾರ್ಸ್ಟರನ ಜೀವನಚರಿತ್ರೆಯ ಮೊದಲ ಸಂಪುಟದಿಂದ ಜಗತ್ತಿಗೆ ಕಾರಖಾನೆಯ ಕಥೆ ತಿಳಿಯಿತು.

ಆಗ ಅವನ ಮಗ ಹೆನ್ರಿಗೆ ಒಂದು ಸಂಜೆ ನೆನಪಾಯಿತು. 1869ರ ಕ್ರಿಸ್‌ಮಸ್, ಡಿಕನ್ಸನ ಕೊನೆಯ ಕ್ರಿಸ್‌ಮಸ್. ಮನೆಯವರೆಲ್ಲ ನೆನಪಿನ ಆಟ ಆಡುತ್ತಿದ್ದರು. ಒಬ್ಬೊಬ್ಬರೂ ಹಿಂದಿನವರು ಹೇಳಿದ ಶಬ್ದಗಳನ್ನೆಲ್ಲ ಒಪ್ಪಿಸಿ ತಮ್ಮದೊಂದನ್ನು ಸೇರಿಸಬೇಕು. ಸರದಿ ಬಂದಾಗ ತಂದೆ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿ, ಕಣ್ಣಿನಲ್ಲಿ ಏನೋ ಮಿಂಚು ತುಂಬಿಕೊಂಡು, ಬದಲಾದ ದನಿಯಲ್ಲಿ ಕೊನೆಗೆ ಒಂದು ವಿಳಾಸವನ್ನು ಸೇರಿಸಿದ. ಅದು ಸ್ಟ್ರ್ಯಾಂಡ್ ರಸ್ತೆಯ 30ನೆಯ ನಂಬರಿನ ಬೂಟುಬಣ್ಣದ ಕಾರಖಾನೆಯ ವಿಳಾಸ. ಅದರ ಅರ್ಥ ಅಲ್ಲಿದ್ದ ಮಕ್ಕಳಿಗೆ ಯಾರಿಗೂ ತಿಳಿಯಲಿಲ್ಲ. ಮುಂದಿನವರು ಅದನ್ನೂ ನೆನಪಿಟ್ಟುಕೊಂಡು ಆಟವನ್ನು ಮುಂದುವರಿಸಿದರು.